ಜೀವಗ್ರಂಥದಲ್ಲಿ ಒಂದು ಪ್ರಕ್ಷಿಪ್ತ

ಕಳೆದ ಶ್ರಾವಣಮಾಸದ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯ ಮೂರನೆಯ ಸಾಲಿನಲ್ಲಿ ಕುಳಿತು ಸಂಸ್ಕೃತದ ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗನು. ಈಗ ಒಂದು ಬಟ್ಟೆಯಂಗಡಿಯ ಯಜಮಾನ, ಇಬ್ಬರು ಮಕ್ಕಳ ತಂದೆ. ಕುಶಲಪ್ರಶ್ನೆಗಳು ಮುಗಿದು ಕಾಫಿಯಾದ ಮೇಲೂ ಅವನು ಏಳಲಿಲ್ಲ. ನನ್ನ ಹೆಂಡತಿ ಒಳಗೆ ಹೋದ ಬಳಿಕ, ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟನು.

“ಮೇಷ್ಟ್ರೇ, ನನ್ನ ರಕ್ತದಲ್ಲಿ ಎಚ್.ಐ.ವಿ. ಇದೆಯೆಂದು ಗೊತ್ತಾಗಿ ಒಂಬತ್ತು ವರ್ಷವಾಯಿತು. ಅಂದಿನಿಂದ ಒಂದು ದಿನವೂ ತಪ್ಪದೆ ಮಾತ್ರೆ ನುಂಗುತ್ತಿದ್ದೇನೆ. ಈ ವರದಿಯನ್ನು ನೋಡಿ. ವೈರಸ್ ಕಂಡುಬಂದಿಲ್ಲವೆಂದು ಬರೆದಿದೆ. ಎಷ್ಟೋ ವರ್ಷದಿಂದ ಹೀಗೆಯೇ ಬರುತ್ತಿದೆ. ನಮ್ಮ ಭಾವನವರು, ‘ಇಲ್ಲದ ಶತ್ರುವಿಗೆ ದಿನವೂ ಬಾಣ ಬಿಡುವವನು ನೀನೊಬ್ಬನೇ’ ಎಂದು ನಗುತ್ತಾರೆ. ಆಸ್ಪತ್ರೆಯಲ್ಲಿ ಕೇಳಿದರೆ, ‘ನಿಲ್ಲಿಸಕೂಡದು’ ಎನ್ನುತ್ತಾರೆ. ಏಕೆಂದು ವಿವರಿಸಲು ಅವರಿಗೆ ಪುರಸೊತ್ತಿಲ್ಲ. ನೀವು ಹೇಳಿ, ನಿಲ್ಲಿಸಿಬಿಡಲೇ?”

ನಾನು ಕೂಡಲೆ ಉತ್ತರ ಕೊಡಲಾರದೆ ಹೋದೆನು. ಧಾತುಪಾಠವನ್ನು ಕೇಳಿದ್ದರೆ ಹೇಳಬಹುದಾಗಿತ್ತು. ಇದು ನನ್ನ ವಿದ್ಯೆಯಲ್ಲ. “ಒಂದು ತಿಂಗಳು ಅವಕಾಶ ಕೊಡು. ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ಬಿಡಕೂಡದು, ಇದು ನನ್ನ ಆಣತಿ,” ಎಂದೆನು. ಅವನು ನಕ್ಕು ಒಪ್ಪಿದನು. ಆ ತಿಂಗಳೆಲ್ಲ ದೊರೆತ ಗ್ರಂಥಗಳನ್ನು ಓದಿ, ವೈದ್ಯನಾಗಿರುವ ಮತ್ತೊಬ್ಬ ಶಿಷ್ಯನನ್ನು ಪದೇ ಪದೇ ಕೇಳಿ, ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಅವನ ಅನುಮತಿಯನ್ನು ಪಡೆದೇ ಬರೆದಿದ್ದೇನೆ. ಗುರುತು ಹತ್ತುವ ವಿವರಗಳನ್ನು ಮಾತ್ರ ಬದಲಿಸಿದ್ದೇನೆ. ಇಂತಹ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿ ಬಾಯಿ ಬಿಡದೆ ಕುಳಿತಿರಬಹುದೆಂಬುದೇ ಈ ಲೇಖನಕ್ಕೆ ಕಾರಣ.

೧. ಎರಡು ಮೀಟರಿನ ನೂಲು

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳ ಸಮುದಾಯವೆಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಸಾಮಾನ್ಯವಾಗಿ ಕೋಶದ ನಡುವೆ ಕೋಶಕೇಂದ್ರವೆಂಬ ಒಂದು ಸಣ್ಣ ಕೊಠಡಿಯುಂಟು. ಅದರೊಳಗೆ ೪೬ ವರ್ಣತಂತುಗಳಲ್ಲಿ ಡಿ.ಎನ್.ಎ. ಎಂಬ ದೀರ್ಘವಾದ ನೂಲು ಅಡಗಿರುವುದು. ಶರೀರವನ್ನು ಕಟ್ಟುವ ಕ್ರಮ, ನಡೆಸುವ ಕ್ರಮ, ಇವೆಲ್ಲವೂ ಆ ನೂಲಿನಲ್ಲಿ ನಾಲ್ಕೇ ಅಕ್ಷರಗಳ ಲಿಪಿಯಿಂದ ಬರೆಯಲ್ಪಟ್ಟಿವೆ. ತಾಯಿಯಿಂದ ಬಂದ ಪ್ರತಿಯಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳು; ತಂದೆಯಿಂದ ಬಂದುದರಲ್ಲಿಯೂ ಸುಮಾರು ಅಷ್ಟೇ. ಒಂದೇ ಕೋಶದ ಈ ನೂಲನ್ನೆಲ್ಲ ಎಳೆದು ತುದಿಗೆ ತುದಿ ಸೇರಿಸಿದರೆ ಸುಮಾರು ೨ ಮೀಟರ್ ಉದ್ದವಾಗುವುದು. ಅದು ವಾಸಮಾಡುವ ಕೋಶಕೇಂದ್ರದ ಅಗಲವಾದರೋ, ಸಾಮಾನ್ಯವಾಗಿ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರ ಒಂದು ಪಾಲನ್ನು ಮೀರದು.

ಇಷ್ಟು ಉದ್ದದ ನೂಲನ್ನು ಅಷ್ಟು ಚಿಕ್ಕ ಕೊಠಡಿಯಲ್ಲಿ ಸಿಕ್ಕಾಗದಂತೆ ಇಡುವ ಬಗೆ ಹೇಗೆ? ನೂಲು ಸುತ್ತುವ ಮನೆಯಲ್ಲಿ ಹುಟ್ಟಿದವರಿಗೆ ಇದರ ಉತ್ತರವನ್ನು ಹೇಳಿಕೊಡಬೇಕಾಗಿಲ್ಲ: ಉರುಳೆಗೆ ಸುತ್ತಿಡಬೇಕು. ಪ್ರಕೃತಿಯೂ ಹಾಗೆಯೇ ಮಾಡಿದೆ. ೧೮೮೪ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಎಂಬ ವಿದ್ವಾಂಸರು ಪಕ್ಷಿಯ ರಕ್ತಕೋಶಗಳಿಂದ ಒಂದು ಬಗೆಯ ಪ್ರೋಟೀನನ್ನು ಬೇರ್ಪಡಿಸಿ ಅದಕ್ಕೆ ಹಿಸ್ಟೋನ್ ಎಂದು ಹೆಸರಿಟ್ಟರು. ಈ ಹಿಸ್ಟೋನುಗಳೇ ಆ ಉರುಳೆಗಳೆಂಬುದು ತಿಳಿಯಲು ಮುಂದೆ ತೊಂಬತ್ತು ವರ್ಷಗಳೇ ಹಿಡಿದುವು. ೧೯೭೪ರಲ್ಲಿ ರೋಜರ್ ಕಾರ್ನ್‌ಬರ್ಗ್ ಎಂಬುವರು ಅದರ ವಿನ್ಯಾಸವನ್ನು ಮಂಡಿಸಿದರು. ನಾಲ್ಕು ಬಗೆಯ ಹಿಸ್ಟೋನುಗಳು ಎರಡೆರಡರಂತೆ ಎಂಟು ಕೂಡಿ ಒಂದು ಉರುಳೆಯಾಗುವುದು. ಅದರ ಸುತ್ತ ಡಿ.ಎನ್.ಎ.ಯ ನೂಲು ಎರಡು ಸುತ್ತಿಗೆ ತುಸು ಕಡಮೆಯಾಗಿ ಸುತ್ತಿಕೊಳ್ಳುವುದು. ಆ ಸುತ್ತಿನಲ್ಲಿ ಸುಮಾರು ೧೪೭ ಅಕ್ಷರಗಳು ಇರುವುವು. ಇಂತಹ ಒಂದೊಂದು ಗಂಟಿಗೆ ನ್ಯೂಕ್ಲಿಯೊಸೋಮ್ ಎಂದು ಹೆಸರು. ಅದೇ ವರ್ಷದಲ್ಲಿ ಓಲಿನ್ಸ್ ದಂಪತಿಗಳು ಪ್ರಕಟಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಇವು ದಾರದಲ್ಲಿ ಪೋಣಿಸಿದ ಜಪಮಣಿಗಳಂತೆ ಕಾಣುತ್ತಿದ್ದುವು. ಒಂದು ಕೋಶದಲ್ಲಿ ಇಂತಹ ಮಣಿಗಳು ಸುಮಾರು ೩ ಕೋಟಿ.

ನೂಲು, ಉರುಳೆ, ಅವಕ್ಕೆ ಅಂಟಿಕೊಂಡಿರುವ ಇತರ ದ್ರವ್ಯಗಳು, ಇವೆಲ್ಲ ಕೂಡಿದ ವಸ್ತುವಿಗೆ ಕ್ರೊಮ್ಯಾಟಿನ್ ಎನ್ನುವರು. ಬಣ್ಣವನ್ನು ಬೇಗನೆ ಹೀರಿಕೊಳ್ಳುತ್ತಿದ್ದುದರಿಂದ, ಬಣ್ಣವೆಂಬ ಅರ್ಥದ ಗ್ರೀಕ್ ಶಬ್ದದಿಂದ ವಾಲ್ಟರ್ ಫ್ಲೆಮಿಂಗ್ ಎಂಬುವರು ೧೮೮೦ರ ಸುಮಾರಿನಲ್ಲಿ ಈ ಹೆಸರನ್ನು ಕೊಟ್ಟರು. ನಮ್ಮ ‘ವರ್ಣತಂತು’ ಎಂಬ ಶಬ್ದದಲ್ಲಿಯೂ ಅದೇ ವರ್ಣವಿರುವುದನ್ನು ವಾಚಕರು ಗಮನಿಸಬಹುದು.

ಆದರೆ ಈ ಸುತ್ತುವಿಕೆಯು ಬರಿಯ ಮಿತವ್ಯಯವಲ್ಲ. ಇದರಲ್ಲಿ ಆಳ್ವಿಕೆಯೂ ಅಡಗಿದೆ. ೧೯೨೮ರಲ್ಲಿ ಎಮಿಲ್ ಹೈಟ್ಸ್ ಎಂಬುವರು ಹಾವಸೆಯ ಜಾತಿಯ ಸಸ್ಯಗಳನ್ನು ಪರೀಕ್ಷಿಸುತ್ತ, ವರ್ಣತಂತುವಿನ ಕೆಲವು ಭಾಗಗಳು ಯಾವಾಗಲೂ ದಟ್ಟವಾಗಿಯೂ ಉಳಿದವು ಸಡಿಲವಾಗಿಯೂ ಇರುವುದನ್ನು ಕಂಡರು. ದಟ್ಟವಾಗಿ ಬಿಗಿದ ಭಾಗದ ಲಿಪಿಯನ್ನು ಕೋಶವು ಓದಲಾರದು; ಸಡಿಲವಾದ ಭಾಗದ್ದನ್ನು ಓದಬಲ್ಲುದು. ಯಕೃತ್ತಿನ ಕೋಶದಲ್ಲಿಯೂ ಚರ್ಮದ ಕೋಶದಲ್ಲಿಯೂ ಇರುವ ಗ್ರಂಥವು ಒಂದೇ. ಆದರೆ ಒಂದರಲ್ಲಿ ಬಿಚ್ಚಿರುವ ಗರಿಗಳೇ ಬೇರೆ, ಮತ್ತೊಂದರಲ್ಲಿ ಬಿಚ್ಚಿರುವ ಗರಿಗಳೇ ಬೇರೆ. ೧೯೬೪ರಲ್ಲಿ ವಿನ್ಸೆಂಟ್ ಆಲ್‌ಫ್ರೇ ಮತ್ತು ಅವರ ಸಂಗಡಿಗರು, ಹಿಸ್ಟೋನುಗಳ ಮೇಲೆ ಅಸಿಟೈಲ್ ಎಂಬ ಸಣ್ಣ ಗುರುತು ಕುಳಿತರೆ ಓದುವಿಕೆಯು ಸುಲಭವಾಗುವುದೆಂದು ಸೂಚಿಸಿದರು. ಡಿ.ಎನ್.ಎ.ಗೆ ಋಣ ವಿದ್ಯುತ್ತು, ಹಿಸ್ಟೋನಿಗೆ ಧನ ವಿದ್ಯುತ್ತು. ಆದಕಾರಣವೇ ಅವು ಒಂದನ್ನೊಂದು ಬಿಗಿದಪ್ಪುವುವು. ಅಸಿಟೈಲ್ ಗುರುತು ಆ ಧನವನ್ನು ತಗ್ಗಿಸಿ ಅಪ್ಪುಗೆಯನ್ನು ಸಡಿಲಿಸುವುದು. ಈ ಗುರುತನ್ನು ಇಡುವ ಕಿಣ್ವಗಳೂ ಉಂಟು, ಅಳಿಸುವ ಕಿಣ್ವಗಳೂ ಉಂಟು.

೨. ಪರರ ಶ್ಲೋಕ, ನಮ್ಮ ಗರಿ

ನಮ್ಮ ತಾತಂದಿರ ಕಾಲದ ಒಂದು ಓಲೆಯ ಕಟ್ಟು ಮನೆಯಲ್ಲಿದೆ. ಯೌವನದಲ್ಲಿ ನಾನು ಅದನ್ನು ಮತ್ತೊಂದು ಪ್ರತಿಯೊಡನೆ ಹೋಲಿಸಿ ನೋಡುತ್ತಿದ್ದಾಗ, ನಮ್ಮದರಲ್ಲಿ ಒಂದು ಶ್ಲೋಕವು ಹೆಚ್ಚಾಗಿದ್ದುದು ಕಂಡುಬಂದಿತು. ಅದೇ ಕಂಟದ ಬರೆಹ, ಅದೇ ಮಸಿ, ಅದೇ ದಾರ. ಆದರೆ ಮಾತು ಮೂಲಕವಿಯದಲ್ಲ. ಎಂದೋ ಯಾರೋ ಸೇರಿಸಿದುದನ್ನು ಮುಂದಿನ ಲಿಪಿಕಾರರೆಲ್ಲರೂ ಭಕ್ತಿಯಿಂದ ನಕಲು ಮಾಡುತ್ತ ಬಂದಿದ್ದರು. ಇಂತಹುದನ್ನು ಪಂಡಿತರು ಪ್ರಕ್ಷಿಪ್ತವೆನ್ನುವರು. ಎಚ್.ಐ.ವಿ.ಯು ಮಾಡುವ ಕೆಲಸವು ಇದೇ.

ಈ ವೈರಸ್ಸಿನ ಲಿಪಿಯು ಡಿ.ಎನ್.ಎ. ಅಲ್ಲ, ಅದರ ಸೋದರಿಯಾದ ಆರ್.ಎನ್.ಎ. ಇಂತಹ ವೈರಸ್ಸು ತನ್ನ ಲಿಪಿಯನ್ನು ಡಿ.ಎನ್.ಎ.ಗೆ ತಿರುಗಿಸಿ ಕೋಶದ ಗ್ರಂಥದಲ್ಲಿ ಸೇರಿಸಿಕೊಳ್ಳುವುದೆಂದು ಹೋವರ್ಡ್ ಟೆಮಿನ್ ಎಂಬುವರು ೧೯೬೪ರಲ್ಲಿ ಹೇಳಿದಾಗ ನಂಬಿದವರು ವಿರಳ. ಡಿ.ಎನ್.ಎ.ಯಿಂದ ಆರ್.ಎನ್.ಎ.ಗೆ ಮಾತ್ರ ಲಿಪಿಯು ಹರಿಯುವುದೆಂಬುದು ಅಂದಿನ ನಂಬಿಕೆ. ೧೯೭೦ರಲ್ಲಿ ಟೆಮಿನ್ ಅವರೂ, ಬೇರೆಯಾಗಿ ದುಡಿಯುತ್ತಿದ್ದ ಡೇವಿಡ್ ಬಾಲ್ಟಿಮೋರ್ ಅವರೂ, ಹಾಗೆ ಹಿಂದುಮುಂದಾಗಿ ನಕಲು ಮಾಡುವ ಕಿಣ್ವವನ್ನು ತೋರಿಸಿಕೊಟ್ಟರು. ೧೯೭೫ರಲ್ಲಿ ಇಬ್ಬರೂ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ೧೯೮೩ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸ್‌ವಾಸ್ ಬಾರೆ-ಸಿನೂಸಿ, ಲ್ಯೂಕ್ ಮಾಂಟಾನ್ಯೇ ಮತ್ತು ಅವರ ಸಹೋದ್ಯೋಗಿಗಳು ಈಗ ಎಚ್.ಐ.ವಿ. ಎನಿಸಿಕೊಂಡಿರುವ ವೈರಸ್ಸನ್ನು ಕಂಡುಹಿಡಿದರು. ಅದೂ ಇದೇ ವರ್ಗದ್ದು.

ಎಚ್.ಐ.ವಿ.ಯ ಲಿಪಿಯಲ್ಲಿ ಇರುವುದು ಹತ್ತು ಸಾವಿರಕ್ಕೂ ತುಸು ಕಡಮೆ ಅಕ್ಷರಗಳು. ನಮ್ಮ ೩೦೦ ಕೋಟಿಯ ಮುಂದೆ ಅದು ಮೂರು ಲಕ್ಷದಲ್ಲಿ ಒಂದು ಪಾಲು. ರಕ್ತದಲ್ಲಿ ರಕ್ಷಣಾಕಾರ್ಯದ ಮುಖಂಡರಾದ ಸಿ.ಡಿ.೪ ಎಂಬ ಬಿಳಿಯ ಕೋಶಗಳನ್ನು ಅದು ಹೊಕ್ಕು, ತನ್ನ ಲಿಪಿಯನ್ನು ಡಿ.ಎನ್.ಎ.ಗೆ ತಿರುಗಿಸಿ, ಇಂಟಿಗ್ರೇಸ್ ಎಂಬ ಕಿಣ್ವದ ಸಹಾಯದಿಂದ ಕೋಶದ ನೂಲನ್ನು ಕತ್ತರಿಸಿ, ನಡುವೆ ತಾನು ಸೇರಿಕೊಂಡು ಹೊಲಿದುಬಿಡುವುದು. ಹೀಗೆ ಸೇರಿಕೊಂಡ ವೈರಸ್ಸಿನ ಡಿ.ಎನ್.ಎ.ಗೆ ಪ್ರೊವೈರಸ್ ಎಂದು ಹೆಸರು. ಇನ್ನು ಆ ಕೋಶವು ಬದುಕಿರುವವರೆಗೆ ಅದು ಅಲ್ಲಿಯೇ. ಕೋಶವು ಎರಡಾದರೆ ಎರಡರಲ್ಲಿಯೂ ಅದು ಇರುವುದು. ಪ್ರಕ್ಷಿಪ್ತ ಶ್ಲೋಕವನ್ನು ಲಿಪಿಕಾರನು ಹೇಗೆ ಗುರುತಿಸಲಾರನೋ ಹಾಗೆ ಕೋಶವೂ ಅದನ್ನು ತನ್ನದೆಂದೇ ನಕಲು ಮಾಡುವುದು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಗರಿಯ ಮೇಲೆ ಸೇರಿದ ಶ್ಲೋಕವನ್ನೂ ಅದೇ ಬಟ್ಟೆಯಲ್ಲಿ ಸುತ್ತಿ ಅದೇ ದಾರದಿಂದ ಕಟ್ಟುವರಷ್ಟೆ. ಅಂತೆಯೇ, ಪ್ರೊವೈರಸ್ಸಿನ ನೂಲನ್ನೂ ಕೋಶವು ತನ್ನ ಹಿಸ್ಟೋನ್ ಉರುಳೆಗಳಿಗೇ ಸುತ್ತಿಬಿಡುವುದು. ವೈರಸ್ಸು ಬರುವಾಗ ಹಿಸ್ಟೋನುಗಳನ್ನು ತಂದಿರಲಿಲ್ಲ; ಮನೆಯೊಳಗೆ ಸೇರಿದ ಮೇಲೆ ಮನೆಯವರ ಉಡುಪನ್ನೇ ತೊಟ್ಟುಕೊಂಡಿತು. ಮನೆಯ ಕಟ್ಟುಪಾಡುಗಳೂ ಅದಕ್ಕೆ ತಗಲಿದುವು. ಕಟ್ಟು ಬಿಗಿಯಾಗಿದ್ದರೆ ಅದು ಮೂಕ. ಸಡಿಲವಾದರೆ ಅದು ಮಾತನಾಡುವುದು. ನನ್ನ ಶಿಷ್ಯನ ಪ್ರಶ್ನೆಯ ಮರ್ಮವೆಲ್ಲ ಇದರಲ್ಲಿಯೇ ಇದೆ.

೩. ಕಾಣದುದನ್ನು ಕಂಡ ಬಗೆ

ಕಣ್ಣಿಗೆ ಕಾಣದ ಈ ಬಿಗಿತ ಸಡಿಲಗಳನ್ನು ವಿಜ್ಞಾನಿಗಳು ತಿಳಿದುದು ಹೇಗೆಂದು ಯಾರಾದರೂ ಕೇಳಬಹುದು. ಉಪಾಯವು ಸರಳವಾದುದು. ಡಿ.ಎನ್.ಎ.ಯನ್ನು ಕತ್ತರಿಸುವ ಕಿಣ್ವವೊಂದನ್ನು ಕೋಶಕೇಂದ್ರಗಳ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ, ಸಡಿಲವಾಗಿ ಹೊರಗೆ ಕಾಣುವ ನೂಲು ಮೊದಲು ತುಂಡಾಗುವುದು. ಉರುಳೆಗೆ ಬಿಗಿದುಕೊಂಡಿರುವುದು ಉಳಿಯುವುದು. ಎಲ್ಲಿ ತುಂಡಾಯಿತು, ಎಲ್ಲಿ ಉಳಿಯಿತು ಎಂಬುದನ್ನು ನೋಡಿದರೆ ಕಟ್ಟಿನ ನಕ್ಷೆಯೇ ಸಿಕ್ಕುವುದು. ೧೯೭೬ರಲ್ಲಿ ಹೆರಾಲ್ಡ್ ವೈಂಟ್ರಾಬ್ ಮತ್ತು ಮಾರ್ಕ್ ಗ್ರೌಡೀನ್ ಎಂಬುವರು ಕೋಳಿಯ ಮರಿಯ ರಕ್ತಕೋಶಗಳಲ್ಲಿ ಈ ರೀತಿ ಪರೀಕ್ಷಿಸಿ, ರಕ್ತಕ್ಕೆ ಕೆಂಪನ್ನು ಕೊಡುವ ಹಿಮೋಗ್ಲೋಬಿನ್ನಿನ ಭಾಗವಾದ ಗ್ಲೋಬಿನ್ ಎಂಬ ವಸ್ತುವಿನ ಲಿಪಿಯು ಅಲ್ಲಿ ಸಡಿಲವಾಗಿಯೂ, ಅದು ಬೇಕಿಲ್ಲದ ಬೇರೆ ಕೋಶಗಳಲ್ಲಿ ಬಿಗಿಯಾಗಿಯೂ ಇರುವುದನ್ನು ತೋರಿಸಿದರು.

೧೯೮೧ರಲ್ಲಿ ಅವರಿಬ್ಬರೂ ರಾಬರ್ಟ್ ಐಸೆನ್‌ಮನ್ ಅವರೂ ಕೂಡಿ ಇದೇ ಉಪಾಯವನ್ನು ಪ್ರೊವೈರಸ್ಸಿಗೆ ಅನ್ವಯಿಸಿದರು. ಕೋಳಿಯ ವರ್ಣತಂತುಗಳಲ್ಲಿ ತಲೆಮಾರುಗಳಿಂದ ಇಳಿದುಬಂದ ವೈರಸ್ಸಿನ ಲಿಪಿಗಳು ಬೇರೆ ಬೇರೆ ಸ್ಥಳಗಳಲ್ಲಿ ಸೇರಿಕೊಂಡಿರುವುವು. ಅವುಗಳಲ್ಲಿ ಒಂದು ಮಾತನಾಡುತ್ತಿತ್ತು, ಮತ್ತೊಂದು ಮೂಕವಾಗಿತ್ತು. ಮಾತನಾಡುತ್ತಿದ್ದುದರ ಕ್ರೊಮ್ಯಾಟಿನ್ನು ಸಡಿಲ, ಮೂಕವಾಗಿದ್ದುದರದು ಬಿಗಿ. ಅದರ ಮೇಲೆ ಮೀಥೈಲ್ ಎಂಬ ಮುದ್ರೆಗಳೂ ಬಿದ್ದಿದ್ದುವು. ಈ ಮುದ್ರೆ ಬೀಳದಂತೆ ತಡೆಯುವ ಔಷಧವೊಂದನ್ನು ಕೋಶಗಳಿಗೆ ಕೊಟ್ಟಾಗ, ಮೂಕವಾಗಿದ್ದ ಆ ಲಿಪಿಯೂ ಬಾಯಿ ತೆರೆಯಿತು. ಒಳಗೆ ಸೇರಿಕೊಂಡಿರುವುದು ಬೇರೆ, ಎಚ್ಚರವಾಗಿರುವುದು ಬೇರೆ ಎಂಬ ಮಾತು ಹೀಗೆ ಸಿದ್ಧವಾಯಿತು.

ಎಚ್.ಐ.ವಿ.ಯ ವಿಷಯದಲ್ಲಿ ಎರಿಕ್ ವರ್ಡಿನ್ ಮತ್ತು ಅವರ ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದ ಶೋಧನೆಯು ಬಹಳ ಸ್ವಾರಸ್ಯವಾದುದು. ಪ್ರೊವೈರಸ್ಸಿನ ಓದು ಎಲ್ಲಿ ಪ್ರಾರಂಭವಾಗಬೇಕೋ ಆ ಹೊಸ್ತಿಲನ್ನು ದಾಟಿದ ಕೂಡಲೆ ಒಂದು ನ್ಯೂಕ್ಲಿಯೊಸೋಮ್ ಬಾಗಿಲಿಗೆ ಅಡ್ಡಲಾಗಿ ಇಟ್ಟ ಕಲ್ಲಿನಂತೆ ಕುಳಿತಿರುವುದು. ಕೋಶವು ಸುಮ್ಮನಿರುವಾಗ ಅದು ಕದಲದು. ಅಸಿಟೈಲ್ ಗುರುತನ್ನು ಅಳಿಸುವ ಕಿಣ್ವಗಳು ಅದನ್ನು ಬಿಗಿಯಾಗಿಯೇ ಕಾಪಾಡುವುವು. ಆದರೆ ಆ ಕೋಶವು ಯಾವುದಾದರೂ ರೋಗಾಣುವಿನ ಎದುರು ಯುದ್ಧಕ್ಕೆ ಎಚ್ಚತ್ತಿತೋ, ಕಲ್ಲು ಸರಿಯುವುದು, ಬಾಗಿಲು ತೆರೆಯುವುದು. ಮೊದಲು ಒಂದೆರಡು ಪ್ರತಿಗಳು ಹೊರಬೀಳುವುವು. ಅವುಗಳಿಂದ ಟ್ಯಾಟ್ ಎಂಬ ಪ್ರೋಟೀನು ಹುಟ್ಟಿ, ಮರಳಿ ಬಂದು ಓದುವಿಕೆಯನ್ನು ಹಲವು ಮಡಿ ಹೆಚ್ಚಿಸುವುದು. ಕಿಡಿಯು ಕಿಚ್ಚಾಗುವುದು ಹೀಗೆ.

೪. ಅದರ್ಶನವೇ ಹೊರತು ನಾಶವಲ್ಲ

ಈಗ ನನ್ನ ಶಿಷ್ಯನ ಕಾಗದಕ್ಕೆ ಬರೋಣ. ಆ ಪರೀಕ್ಷೆಯು ಅಳೆಯುವುದು ರಕ್ತದ ದ್ರವದಲ್ಲಿ ತಿರುಗಾಡುವ ವೈರಸ್ ಕಣಗಳನ್ನು. ಕೋಶಗಳ ವರ್ಣತಂತುಗಳಲ್ಲಿ ಹೊಲಿದುಕೊಂಡಿರುವ ಪ್ರೊವೈರಸ್ಸನ್ನಲ್ಲ. ಬೀದಿಯಲ್ಲಿ ಕಳ್ಳರು ಕಾಣಲಿಲ್ಲವೆಂದು ಕಾವಲುಗಾರನು ಬರೆದುಕೊಟ್ಟರೆ, ಮನೆಯೊಳಗೆ ಮಲಗಿರುವವನ ಸಂಗತಿಯನ್ನು ಅವನು ಹೇಳಿದಂತಾಗಲಿಲ್ಲ.

೧೯೯೬ರ ಸುಮಾರಿನಲ್ಲಿ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಬಂದು ರಕ್ತದಲ್ಲಿ ವೈರಸ್ಸು ಕಾಣದಾದಾಗ, ಕೆಲವು ವರ್ಷಗಳಲ್ಲಿ ರೋಗವು ನಿರ್ಮೂಲವಾಗಬಹುದೆಂದು ದೊಡ್ಡ ವಿದ್ವಾಂಸರೂ ಆಶಿಸಿದ್ದರು. ಮರುವರ್ಷವೇ, ೧೯೯೭ರಲ್ಲಿ, ಮೂರು ತಂಡಗಳು ಆ ಆಸೆಗೆ ಕಡಿವಾಣ ಹಾಕಿದುವು. ಹಿಂದಿನ ರೋಗಗಳನ್ನು ನೆನಪಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ನಿದ್ರಿಸುವ ಸಿ.ಡಿ.೪ ಕೋಶಗಳುಂಟು, ಅವು ನಿದ್ರಿಸುವಾಗ ಅವುಗಳ ಕ್ರೊಮ್ಯಾಟಿನ್ನಿನ ಬಿಗಿತದಲ್ಲಿ ಪ್ರೊವೈರಸ್ಸೂ ನಿದ್ರಿಸುತ್ತಿರುವುದು. ಸೇರಿಕೊಂಡ ಪ್ರೊವೈರಸ್ಸುಗಳಲ್ಲಿ ಹೆಚ್ಚಿನವು ಅಂಗಹೀನವಾದುವು, ನಿರುಪದ್ರವಿಗಳು. ಮತ್ತೆ ವೈರಸ್ಸನ್ನು ಹುಟ್ಟಿಸಬಲ್ಲ ಪೂರ್ಣವಾದುದು ಇಂತಹ ಹತ್ತು ಲಕ್ಷ ಕೋಶಗಳಲ್ಲಿ ಒಂದರಲ್ಲಿ ಎಂಬಷ್ಟು ವಿರಳ. ಆದರೆ ಆ ಒಂದೇ ಸಾಕು. ಈ ಗುಪ್ತನಿಧಿಯು ಅರ್ಧಕ್ಕೆ ಇಳಿಯಲು ಸುಮಾರು ೪೪ ತಿಂಗಳು ಬೇಕೆಂದು ೨೦೦೩ರಲ್ಲಿ ಲೆಕ್ಕ ಮಾಡಿದರು. ಈ ವೇಗದಲ್ಲಿ ಅದು ತಾನಾಗಿ ಬತ್ತಬೇಕಾದರೆ ಎಪ್ಪತ್ತು ವರ್ಷಗಳಿಗೂ ಮೀರಿದ ಚಿಕಿತ್ಸೆ ಬೇಕು.

ಮಾತ್ರೆಗಳು ಈ ಕಟ್ಟನ್ನು ಬಿಚ್ಚಲೂ ಆರವು, ಬಿಗಿಯಲೂ ಆರವು. ಅವು ಮಾಡುವ ಕೆಲಸವೇ ಬೇರೆ. ಎಲ್ಲಿಯೋ ಒಂದು ಕೋಶವು ಎಚ್ಚತ್ತು ಪ್ರತಿಗಳು ಹೊರಬಿದ್ದರೆ, ಅವು ಮತ್ತೊಂದು ಕೋಶದ ಗ್ರಂಥದಲ್ಲಿ ಸೇರಿಕೊಳ್ಳದಂತೆ ದಾರಿಯಲ್ಲಿಯೇ ತಡೆಯುವುವು. ಕೋಶವು ಎಂದು ಏಳುವುದೆಂದು ಯಾರಿಗೂ ತಿಳಿಯದು. ಆದಕಾರಣ ಕಾವಲು ಒಂದು ದಿನವೂ ತಪ್ಪಕೂಡದು. ಮಾತ್ರೆಯನ್ನು ನಿಲ್ಲಿಸಿದವರಲ್ಲಿ ಬಹುಮಂದಿಗೆ ಕೆಲವೇ ವಾರಗಳಲ್ಲಿ ವೈರಸ್ಸು ಮರಳಿ ಕಾಣಿಸಿಕೊಳ್ಳುವುದು. ಅಲ್ಲದೆ, ಒಮ್ಮೆ ನುಂಗಿ ಒಮ್ಮೆ ಬಿಡುವವರಲ್ಲಿ ವೈರಸ್ಸು ಔಷಧಕ್ಕೆ ಬಗ್ಗದಂತೆ ಮಾರ್ಪಡುವ ಅಪಾಯವೂ ಉಂಟು.

ಇದಕ್ಕೆ ಒಂದು ನಿದರ್ಶನವನ್ನು ಹೇಳುತ್ತೇನೆ. ೨೦೧೦ರಲ್ಲಿ ಅಮೆರಿಕದ ಮಿಸಿಸಿಪಿ ಪ್ರಾಂತದಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿಗೆ ತಾಯಿಯಿಂದ ಎಚ್.ಐ.ವಿ. ಬಂದಿತ್ತು. ಹುಟ್ಟಿದ ಮೂವತ್ತು ಗಂಟೆಗಳೊಳಗಾಗಿ ಔಷಧವನ್ನು ಪ್ರಾರಂಭಿಸಿದರು. ಸುಮಾರು ಒಂದೂವರೆ ವರ್ಷದ ಬಳಿಕ ಔಷಧವು ನಿಂತುಹೋಯಿತು. ಆದರೂ ಎರಡು ವರ್ಷಕ್ಕೂ ಮೀರಿ ಮಗುವಿನ ರಕ್ತದಲ್ಲಿ ವೈರಸ್ಸು ಕಾಣಲಿಲ್ಲ. ಮಗುವು ಗುಣವಾಯಿತೆಂದು ೨೦೧೩ರಲ್ಲಿ ಲೋಕವೆಲ್ಲ ಸಂತೋಷಪಟ್ಟಿತು. ೨೦೧೪ರಲ್ಲಿ ವೈರಸ್ಸು ಹಿಂದಿರುಗಿತು. ಚಿಕಿತ್ಸೆಯನ್ನು ಮತ್ತೆ ಪ್ರಾರಂಭಿಸಬೇಕಾಯಿತು. ಅಷ್ಟು ದಿನ ಅದು ಎಲ್ಲಿತ್ತು? ಯಾವುದೋ ಕೆಲವು ಕೋಶಗಳ ಗ್ರಂಥದಲ್ಲಿ, ಬಿಗಿದ ಕಟ್ಟಿನೊಳಗೆ.

ವ್ಯಾಕರಣವನ್ನು ಓದಿದವರಿಗೆ ಇದು ಹೊಸದಾಗಿ ತೋರದು. ನಮ್ಮ ಶಾಸ್ತ್ರದಲ್ಲಿ ಲೋಪವೆಂದರೆ ಕಾಣದಿರುವುದೇ ಹೊರತು ಇಲ್ಲದೆ ಹೋಗುವುದಲ್ಲ. ಲುಪ್ತವಾದ ಪ್ರತ್ಯಯವು ಕಿವಿಗೆ ಬೀಳದಿದ್ದರೂ ತನ್ನ ಕಾರ್ಯವನ್ನು ಮಾಡಿಸುತ್ತಲೇ ಇರುವುದು. ಆ ವರದಿಯಲ್ಲಿ ಬರೆದಿದ್ದುದು ಲೋಪದ ಮಾತು. ಭಾವನವರು ಅದನ್ನು ಅಭಾವವೆಂದು ಓದಿಕೊಂಡರು.

ಆದರೆ ಈ ಲೋಪವು ಅಲ್ಪವಾದ ಲಾಭವೆಂದು ಯಾರೂ ತಿಳಿಯಬಾರದು. ರಕ್ತದಲ್ಲಿ ವೈರಸ್ಸು ಕಾಣದಂತೆ ಇಟ್ಟುಕೊಂಡವರಿಂದ ಅವರ ಪತಿಗಾಗಲಿ ಪತ್ನಿಗಾಗಲಿ ದಾಂಪತ್ಯಸಂಬಂಧದ ಮೂಲಕ ಅದು ಹರಡುವುದಿಲ್ಲವೆಂದು, ಯೂರೋಪಿನಲ್ಲಿ ನೂರಾರು ದಂಪತಿಗಳನ್ನು ವರ್ಷಗಳ ಕಾಲ ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ವರದಿಯು ತೋರಿಸಿತು. ಸಕಾಲದಲ್ಲಿ ಪ್ರಾರಂಭಿಸಿ ತಪ್ಪದೆ ನುಂಗುವವರ ಆಯುಸ್ಸು ಇತರರ ಆಯುಸ್ಸಿಗೆ ಬಹಳ ಸಮೀಪವಾಗಿರುವುದು. ನಮ್ಮ ದೇಶದಲ್ಲಿ ೨೦೦೪ರ ಏಪ್ರಿಲ್ ೧ರಿಂದ ಸರಕಾರವು ಈ ಔಷಧವನ್ನು ಉಚಿತವಾಗಿ ಕೊಡತೊಡಗಿತು.

೫. ಎರಡು ಪಕ್ಷಗಳು

ಹಾಗಾದರೆ ಈ ಕಾವಲಿಗೆ ಕೊನೆಯೇ ಇಲ್ಲವೇ? ವಿಜ್ಞಾನಿಗಳಲ್ಲಿ ಈಗ ಎರಡು ಪಕ್ಷಗಳುಂಟು. ಎರಡೂ ಕ್ರೊಮ್ಯಾಟಿನ್ನಿನ ಸುತ್ತಲೇ ತಿರುಗುವುವು.

ಒಂದು ಪಕ್ಷದವರು ಹೇಳುವುದೇನೆಂದರೆ: ಮಲಗಿರುವವನನ್ನು ಎಬ್ಬಿಸಿದರೆ ತಾನೆ ಹಿಡಿಯಲು ಸಾಧ್ಯ? ಅಸಿಟೈಲ್ ಗುರುತನ್ನು ಅಳಿಸುವ ಕಿಣ್ವಗಳನ್ನು ತಡೆದರೆ ಕಟ್ಟು ಸಡಿಲವಾಗಿ ಪ್ರೊವೈರಸ್ಸು ಬಾಯಿ ಬಿಡುವುದು. ಆಗ ಶರೀರದ ರಕ್ಷಕರು ಆ ಕೋಶವನ್ನು ಗುರುತಿಸಿ ಕೊಲ್ಲಲಿ. ೨೦೧೨ರಲ್ಲಿ ಡೇವಿಡ್ ಮಾರ್ಗೊಲಿಸ್ ಅವರ ತಂಡದವರು, ಒಂದು ಬಗೆಯ ಕ್ಯಾನ್ಸರಿಗೆ ಬಳಕೆಯಲ್ಲಿದ್ದ ವೊರಿನೊಸ್ಟಾಟ್ ಎಂಬ ಔಷಧವನ್ನು ಎಂಟು ಮಂದಿಗೆ ಕೊಟ್ಟು ನೋಡಿದರು. ನಿದ್ರಿಸುತ್ತಿದ್ದ ಕೋಶಗಳಲ್ಲಿ ವೈರಸ್ಸಿನ ಮಾತು ನಿಜವಾಗಿಯೂ ಹೆಚ್ಚಿತು. ಆದರೆ ಮುಂದಿನ ಪರೀಕ್ಷೆಗಳಲ್ಲಿ ಎಚ್ಚತ್ತ ಕೋಶಗಳು ಸಾಯಲಿಲ್ಲ. ಗುಪ್ತನಿಧಿಯು ಗಮನಾರ್ಹವಾಗಿ ಕರಗಲಿಲ್ಲ. ಎಬ್ಬಿಸುವುದು ಸುಲಭ, ಹಿಡಿಯುವುದು ಕಷ್ಟವೆಂಬುದು ಗೊತ್ತಾಯಿತು.

ಎರಡನೆಯ ಪಕ್ಷದವರು, ಮಲಗಿರುವವನನ್ನು ಎಬ್ಬಿಸುವುದೇಕೆ, ಕೊಠಡಿಗೆ ಶಾಶ್ವತವಾದ ಬೀಗವನ್ನೇ ಹಾಕಿಬಿಡೋಣ ಎನ್ನುವರು. ಇವರಿಗೆ ೨೦೨೦ರಲ್ಲಿ ಒಂದು ಬಲವಾದ ದೃಷ್ಟಾಂತವು ದೊರೆಯಿತು. ಸೋಂಕು ತಗಲಿದ್ದರೂ ಔಷಧವಿಲ್ಲದೆಯೇ ವೈರಸ್ಸನ್ನು ಅಡಗಿಸಿಟ್ಟುಕೊಳ್ಳುವವರು ಕೆಲವರುಂಟು. ನೂರಕ್ಕೆ ಒಬ್ಬರಿಗಿಂತಲೂ ಕಡಮೆ. ಸಾಮಾನ್ಯವಾಗಿ ಎಚ್.ಐ.ವಿ.ಯು ಹೆಚ್ಚು ಓದಲ್ಪಡುವ, ಸಡಿಲವಾದ ಭಾಗಗಳನ್ನೇ ಹುಡುಕಿಕೊಂಡು ಸೇರುವುದೆಂದು ೨೦೦೨ರಲ್ಲಿಯೇ ತಿಳಿದಿತ್ತು. ಆದರೆ ಈ ಅಪೂರ್ವ ವ್ಯಕ್ತಿಗಳಲ್ಲಿ ಅರುವತ್ತನಾಲ್ಕು ಮಂದಿಯನ್ನು ಪರೀಕ್ಷಿಸಿದಾಗ, ಅವರಲ್ಲಿ ಉಳಿದಿದ್ದ ಪೂರ್ಣ ಪ್ರೊವೈರಸ್ಸುಗಳು ಹೆಚ್ಚಾಗಿ ವರ್ಣತಂತುವಿನ ಮರುಭೂಮಿಯಂತಹ, ಯಾರೂ ಓದದ, ದಟ್ಟವಾಗಿ ಬಿಗಿದ ಭಾಗಗಳಲ್ಲಿ ಕಂಡುಬಂದುವು. ಓದಬಹುದಾದ ಸ್ಥಳದಲ್ಲಿ ಸೇರಿದ್ದ ಕೋಶಗಳನ್ನು ಅವರ ಶರೀರವು ಕಾಲಕ್ರಮದಲ್ಲಿ ಆರಿಸಿ ಆರಿಸಿ ಕೊಂದಿರಬೇಕು. ಬಿಚ್ಚದ ಗರಿಗಳಲ್ಲಿ ಸಿಕ್ಕಿಕೊಂಡುವು ಮಾತ್ರ ಉಳಿದುವು ಎಂದು ವಿಜ್ಞಾನಿಗಳು ಊಹಿಸುವರು. ಎಲ್ಲರಲ್ಲಿಯೂ ಇಂತಹ ಸ್ಥಿತಿಯನ್ನು ಔಷಧದಿಂದ ತರಲು ಸಾಧ್ಯವೇ ಎಂಬುದೇ ಈ ಪಕ್ಷದವರ ಶೋಧನೆ.

ಬರ್ಲಿನ್ ನಗರದಲ್ಲಿ ೨೦೦೭ರಲ್ಲಿ ತಿಮೊಥಿ ರೇ ಬ್ರೌನ್ ಎಂಬುವರು ಪೂರ್ಣವಾಗಿ ಗುಣಹೊಂದುವ ದಾರಿಯನ್ನು ಹಿಡಿದುದು ನಿಜ. ಅವರಿಗೆ ರಕ್ತದ ಕ್ಯಾನ್ಸರ್ ಇದ್ದುದರಿಂದ, ಎಚ್.ಐ.ವಿ.ಯು ಸುಲಭವಾಗಿ ಹೊಗಲಾಗದಂತಹ ಕೋಶಗಳುಳ್ಳ ದಾನಿಯಿಂದ ರಕ್ತಮೂಲಕೋಶಗಳನ್ನು ಪಡೆದು ಹಾಕಿದ್ದರು. ಅದು ಶ್ಲೋಕವನ್ನು ಅಳಿಸಿದುದಲ್ಲ, ಗ್ರಂಥವನ್ನೇ ಬದಲಿಸಿದುದು. ಪ್ರಾಣಾಪಾಯವಿರುವ ಆ ಚಿಕಿತ್ಸೆಯನ್ನು ಬೇರೆ ಮಹಾರೋಗವಿಲ್ಲದವರಿಗೆ ಮಾಡಲಾಗದು.

೬. ಹಳೆಯ ಪ್ರಕ್ಷಿಪ್ತಗಳು

ಈ ವಿಚಾರವನ್ನು ಓದುತ್ತಿದ್ದಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆರಗುಗೊಳಿಸಿದ ಸಂಗತಿಯೊಂದನ್ನು ಹೇಳಿ ಮುಗಿಸುವೆನು. ಮನುಷ್ಯರೆಲ್ಲರ ಜೀವಗ್ರಂಥದಲ್ಲಿ ನೂರಕ್ಕೆ ಸುಮಾರು ೮ ಪಾಲು ಇಂತಹ ವೈರಸ್ಸುಗಳ ಹಳೆಯ ಲಿಪಿಯೇ. ಲಕ್ಷಾಂತರ, ಕೋಟ್ಯಂತರ ವರ್ಷಗಳ ಹಿಂದೆ ನಮ್ಮ ಪೂರ್ವಜಪ್ರಾಣಿಗಳ ಬೀಜಕೋಶಗಳಲ್ಲಿ ಸೇರಿಕೊಂಡುವು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿವೆ. ಎಚ್.ಐ.ವಿ.ಯು ಹೀಗೆ ವಂಶಕ್ಕೆ ಇಳಿಯುವುದಲ್ಲ. ಅದು ಸೇರುವುದು ರಕ್ತದ ಕೋಶಗಳಲ್ಲಿ. ಆ ಹಳೆಯವುಗಳಲ್ಲಿ ಹೆಚ್ಚಿನವು ಸವೆದುಹೋಗಿವೆ. ಅನೇಕವನ್ನು ಕೋಶವು ಮೀಥೈಲ್ ಮುದ್ರೆಯೊತ್ತಿ ಬಿಗಿಯಾದ ಕ್ರೊಮ್ಯಾಟಿನ್ನಿನಲ್ಲಿ ಕಟ್ಟಿಟ್ಟಿದೆ.

ಆದರೆ ಎಲ್ಲವನ್ನೂ ಅಲ್ಲ. ಗರ್ಭದಲ್ಲಿ ತಾಯಿಯ ರಕ್ತಕ್ಕೂ ಮಗುವಿಗೂ ನಡುವೆ ನಿಂತು ಪೋಷಿಸುವ ಮಾಸುವಿನ ಹೊರಪದರವು, ಅನೇಕ ಕೋಶಗಳು ಒಂದಾಗಿ ಬೆಸೆದುಕೊಂಡು ಆಗುವುದು. ಹಾಗೆ ಬೆಸೆಯುವ ಸಿನ್ಸಿಟಿನ್ ಎಂಬ ಪ್ರೋಟೀನಿನ ಲಿಪಿಯು ಮೂಲತಃ ಒಂದು ಪ್ರಾಚೀನ ವೈರಸ್ಸಿನದೆಂದು ೨೦೦೦ದಲ್ಲಿ ತಿಳಿದುಬಂದಿತು. ಕೋಶವನ್ನು ಹೊಗಲು ವೈರಸ್ಸು ಬಳಸುತ್ತಿದ್ದ ಆಯುಧವೇ ಇಂದು ತಾಯಿಯ ಸೇವೆಯಲ್ಲಿ ನಿಂತಿದೆ. ಆ ಗರಿಯ ಕಟ್ಟನ್ನು ಶರೀರವು ಮಾಸುವಿನಲ್ಲಿ ಬಿಚ್ಚುವುದು. ಯಾವುದನ್ನು ಎಲ್ಲಿ ಬಿಚ್ಚಬೇಕು, ಯಾವುದನ್ನು ಎಲ್ಲಿ ಕಟ್ಟಬೇಕು ಎಂಬ ವಿವೇಕವೇ ಆರೋಗ್ಯವೆಂದು ನನಗೆ ತೋರಿತು.

ಹೇಳಿದಂತೆ ತಿಂಗಳು ಕಳೆದು ನನ್ನ ಶಿಷ್ಯನು ಬಂದನು. ಈ ಸಲ ಅವನ ಹೆಂಡತಿಯೂ ಜೊತೆಯಲ್ಲಿದ್ದಳು. ಆಕೆಗೂ ಮಕ್ಕಳಿಗೂ ಸೋಂಕಿಲ್ಲ. ಗಂಡನಿಗೆ ಮಾತ್ರೆಯನ್ನು ಒಂಬತ್ತು ವರ್ಷ ತಪ್ಪದೆ ನೆನಪಿಸಿದವಳು ಆಕೆಯೇ. ನಾನು ಓಲೆಯ ಕಟ್ಟನ್ನು ಹೊರತೆಗೆದು, ಬಟ್ಟೆಯನ್ನು ಬಿಚ್ಚಿ, ಆ ಹೆಚ್ಚಿನ ಶ್ಲೋಕವಿರುವ ಗರಿಯನ್ನು ತೋರಿಸಿ, ಮೇಲೆ ಬರೆದುದನ್ನೆಲ್ಲ ಹೇಳಿದೆನು. ಅವನು ಗರಿಯನ್ನು ಬಹಳ ಹೊತ್ತು ನೋಡಿದನು.

“ಇದನ್ನು ಕೆರೆದು ತೆಗೆದರೆ ಗರಿಯೇ ಹರಿದೀತು, ಅಲ್ಲವೇ ಮೇಷ್ಟ್ರೇ?” ಎಂದನು.

“ಈಗಿನ ಮಟ್ಟಿಗೆ ಹಾಗೆಯೇ.”

“ಆದರೆ ನಕಲಾಗದಂತೆ ನೋಡಿಕೊಳ್ಳಬಹುದು.”

“ಅದು ನಿನ್ನ ಕೈಯಲ್ಲಿದೆ,” ಎಂದೆನು.

ಗಡಿಯಾರವು ಎಂಟು ಹೊಡೆಯಿತು. ಅವನ ಹೆಂಡತಿ ಚೀಲದಿಂದ ಸಣ್ಣ ಡಬ್ಬಿಯೊಂದನ್ನು ತೆಗೆದಳು. ನನ್ನ ಹೆಂಡತಿ ಏನನ್ನೂ ಕೇಳದೆ ಒಂದು ಲೋಟ ನೀರನ್ನು ತಂದುಕೊಟ್ಟಳು. ಅವನು ಮಾತ್ರೆಯನ್ನು ನುಂಗಿದನು. ನಾನು ಗರಿಗಳನ್ನು ಜೋಡಿಸಿ, ಬಟ್ಟೆಯನ್ನು ಸುತ್ತಿ, ದಾರವನ್ನು ಎಂದಿಗಿಂತ ಒಂದು ಸುತ್ತು ಹೆಚ್ಚಾಗಿಯೇ ಕಟ್ಟಿ ಒಳಗಿಟ್ಟೆನು.